ಬೇಡಿಗೆ ಸಾಲದ ಕೈ

ಯುದ್ಧದ ಕಾಲದಲ್ಲಿ ನಾನು ನಮ್ಮ ಕೋಲಾರ ಜಿಲ್ಲೆಯ ಒಂದು ಸಣ್ಣ ಕೋರ್ಟಿನಲ್ಲಿ ತೆಲುಗಿನ ಹೇಳಿಕೆಗಳನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಕೆಲಸದಲ್ಲಿದ್ದೆ. ಒಂದು ದಿನ ಆವನಿ ಕಡೆಯ ಮುನಿಗ ಎಂಬ ಹುಡುಗನನ್ನು ತಂದು ನಿಲ್ಲಿಸಿದರು. ಹಿತ್ತಾಳೆ ಬಿಂದಿಗೆ ಕದ್ದಿದ್ದನಂತೆ. ಕಟಕಟೆಯ ಮೇಲೆ ಅವನ ಕಣ್ಣಷ್ಟೇ ಕಾಣುತ್ತಿತ್ತು. ಪೊಲೀಸರ ಕಾಗದದಲ್ಲಿ ಮಾತ್ರ ವಯಸ್ಸು ಹದಿನೆಂಟು! ಹಾಗೆ ಬರೆದರೆ ದೊಡ್ಡವರ ಜೈಲಿಗೇ ಕಳಿಸಬಹುದಲ್ಲ.

“ವಯಸ್ಸೆಷ್ಟು, ಕೇಳ್ರೀ,” ಎಂದರು ಮ್ಯಾಜಿಸ್ಟ್ರೇಟರು.

ಕೇಳಿದೆ. “ತೆಲೀದು ಸಾಮಿ,” ಎಂದ ಹುಡುಗ.

“ಗೊತ್ತಿಲ್ಲವಂತೆ ಸ್ವಾಮಿ.”

“ಹಾಗಾದ್ರೆ ಹದಿನೆಂಟೇ ಇರಲಿ.”

ಅಷ್ಟರಲ್ಲಿ ಹುಡುಗ ಮೂಗೊರೆಸಲು ಕೈಯೆತ್ತಿದ. ಬೇಡಿ ಜಾರಿ ನೆಲಕ್ಕೆ ಬಿತ್ತು. ಪೇದೆ ಎತ್ತಿ ತೊಡಿಸಿದ, ಮತ್ತೆ ಬಿತ್ತು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

“ಸ್ವಾಮಿ, ಹದಿನೆಂಟು ವರ್ಷದವನ ಕೈ ಹೀಗಿರುತ್ತಾ?” ಎಂದುಬಿಟ್ಟೆ.

“ನೀವು ತರ್ಜುಮೆ ಮಾಡೋರು, ವಕೀಲರಲ್ಲ.”

“ತರ್ಜುಮೆಯೇ ಮಾಡಿದೆ ಸ್ವಾಮಿ. ಬೇಡಿ ಹೇಳಿದ್ದನ್ನ ಹೇಳಿದೆ.”

ಅವರ ಮುಖ ಕೆಂಪಾಯಿತು. ಆದರೂ ಹುಡುಗನನ್ನು ಡಾಕ್ಟರ ಹತ್ತಿರ ಕಳಿಸಲು ಹೇಳಿದರು. ಡಾಕ್ಟರು ಹಲ್ಲು ನೋಡಿ ಹನ್ನೊಂದು ಎಂದು ಬರೆದುಕೊಟ್ಟರು. ಆ ಒಂದು ಸಾಲು ಕೋರ್ಟಿಗೆ ಬಂದು ಸೇರಲು ಮೂರು ವಾರ ಹಿಡಿಯಿತು. ಅಷ್ಟು ದಿನವೂ ಅವನನ್ನು ಪಳಗಿದ ಕಳ್ಳರ ಜೊತೆಯಲ್ಲೇ ಕೂಡಿಹಾಕಿದ್ದರು.

ಎಚ್ಚರಿಕೆ ಹೇಳಿ ಬಿಟ್ಟ ದಿನ ಕೋರ್ಟಿನ ಮೆಟ್ಟಿಲ ಮೇಲೆ ಹುಡುಗ ನನ್ನ ಅಂಗಿ ಜಗ್ಗಿದ. ಏನೋ ಒಳ್ಳೆಯ ಮಾತು ಹೇಳುತ್ತಾನೆಂದು ಬಗ್ಗಿದೆ.

“ಮಾಮಾ, ಬೀಡಿ ಇದ್ರೆ ಒಂದು ಕೊಡು,” ಎಂದ ತೆಲುಗಿನಲ್ಲಿ.

ಮೂರೇ ವಾರದಲ್ಲಿ ಇಷ್ಟು ಕಲಿಸುವ ಶಾಲೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿರಲಿಲ್ಲ.