ಸತ್ತವರ ಓಟು

ಬಸ್ ಕಂಪನಿಯ ಆಫೀಸಿನಲ್ಲಿ ಅವಳನ್ನು ಎಲ್ಲರೂ ಸರ್ವರಮ್ಮ ಎಂದೇ ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಮುಖದೆದುರೇ. ಅವಳೂ ತಲೆ ಕೆಡಿಸಿಕೊಂಡಿರಲಿಲ್ಲ. ಹುಟ್ಟಿದಾಗ ಇಟ್ಟ ಹೆಸರು ಈಗ ಬ್ಯಾಂಕಿನವರ ಬಾಯಲ್ಲಿ ಮಾತ್ರ ಉಳಿದಿತ್ತು.

ಪ್ರಯಾಣಿಕರು ಬಸ್ಸಿನಲ್ಲಿ ಮರೆತು ಹೋದ ಸಾಮಾನು ತುಂಬುವ ಕೋಣೆಯೇ ಅವಳ ರಾಜ್ಯ. ಒಂದು ಗೋಡೆಗೆ ಕೊಡೆಗಳು, ಹೆಲ್ಮೆಟ್ಟುಗಳು, ಯಾವನೋ ಬಿಟ್ಟುಹೋದ ಊರುಗೋಲು. ಅದನ್ನು ಮರೆತವನು ಇಳಿದು ಹೋದದ್ದಾದರೂ ಹೇಗೆ ಎಂಬುದು ಇವತ್ತಿಗೂ ಬಗೆಹರಿದಿಲ್ಲ. ಇನ್ನೊಂದು ಗೋಡೆಗೆ ಅವಳು ನೋಡಿಕೊಳ್ಳುವ ಮೂರು ಸರ್ವರ್ ಕಂಪ್ಯೂಟರುಗಳು. ಯಾವ ಬಸ್ಸಿನ ಯಾವ ಸೀಟು ಯಾರದು ಎಂಬ ಲೆಕ್ಕ ಮೂರರಲ್ಲೂ ಒಂದೇ ಸಮ ಇರುತ್ತದೆ. ಸೀಟು ಮಾರಬೇಕಾದರೆ ಮೂರರಲ್ಲಿ ಎರಡಾದರೂ ಹೂಂ ಅನ್ನಬೇಕು. ಇಲ್ಲದಿದ್ದರೆ ಒಂದೇ ಕಿಟಕಿ ಪಕ್ಕ ಇಬ್ಬರು ಕೂತು ಜುಟ್ಟು ಹಿಡಿದುಕೊಳ್ಳುತ್ತಾರೆ.

ಮನೆಯಲ್ಲೂ ಇದೇ ಕಾನೂನು. ಮಾಡಿದ್ದು ಮಾವ. ಆಯುಷ್ಯವೆಲ್ಲ ಕಾರ್ಮಿಕ ಸಂಘದ ಸಭೆಗಳಲ್ಲಿ ಕಳೆದ ಮನುಷ್ಯ, ಫ್ಯಾನನ್ನು ಎರಡಕ್ಕಿಡಬೇಕೋ ಮೂರಕ್ಕೋ ಎಂಬುದಕ್ಕೂ ಕೈ ಎತ್ತಿಸುತ್ತಿದ್ದರು. ಇದ್ದದ್ದು ಮೂರು ಕೈ. ಮಾವ, ಸೊಸೆ ಯಾವಾಗಲೂ ಒಂದು ಪಾರ್ಟಿ. ಗಂಡ ಪಾಪ, ಮದುವೆಯಾದಾಗಿನಿಂದ ಒಂದನ್ನೂ ಗೆದ್ದವನಲ್ಲ. ಫ್ಯಾನು ಮೂರರಲ್ಲೇ ತಿರುಗುತ್ತಿತ್ತು.

ಹೋದ ಚಳಿಗಾಲದಲ್ಲಿ ಮಾವ ಹೋದರು. ಆಗ ಫ್ಯಾನು ಬಂದ್ ಆಗಿತ್ತು. ಈಗ ಬೇಸಿಗೆ ನೆತ್ತಿ ಸುಡುತ್ತಿದ್ದರೂ ಬಂದ್ ಆಗಿಯೇ ಇತ್ತು. ಗಂಡ ಎರಡು ಅನ್ನುತ್ತಾನೆ, ಅವಳು ಮೂರು ಅನ್ನುತ್ತಾಳೆ. "ಅಪ್ಪ ಇದ್ದಿದ್ರೆ ಈಗ ನನ್ನ ಕಡೆ ಬರ್ತಿದ್ರು" ಎಂದು ಅವನು, "ಮಾವ ಇದ್ದಿದ್ರೆ ನಿಮಗೆ ಛೀಮಾರಿ ಹಾಕ್ತಿದ್ರು" ಎಂದು ಅವಳು. ಸತ್ತವರ ಓಟನ್ನು ಇಬ್ಬರೂ ಎಗ್ಗಿಲ್ಲದೆ ಹಾಕಿಕೊಂಡು, ಬೆವರು ಒರೆಸಿಕೊಂಡು ಮಲಗುತ್ತಿದ್ದರು.

ಫ್ಯಾನಿನದು ಹೋಗಲಿ. ಗಂಡನ ತಂಗಿ ತನ್ನ ಗಂಡನನ್ನು ಬಿಟ್ಟು ಹಾಸ್ಟೆಲ್ ಸೇರಿದ್ದಳು. ಆ ಹಾಸ್ಟೆಲ್ಲನ್ನೂ ಮುಚ್ಚುತ್ತಿದ್ದರು. ಮಾವನ ಕೋಣೆ ಖಾಲಿ ಇದೆಯಲ್ಲ, ಬರಲಿ ಎಂದ ಗಂಡ. ಮಾವ ಇದ್ದಿದ್ದರೆ ಬೇಡ ಅನ್ನುತ್ತಿದ್ದರು ಎಂದಳು ಅವಳು. ನಾದಿನಿಯ ಬಾಯಿ ದೊಡ್ಡದು ಎಂಬುದು ಹೇಳಿಕೊಳ್ಳಲು ಸಿಕ್ಕ ನೆಪ. ನಿಜವೇನೆಂದರೆ ಆ ಕೋಣೆಯ ಕಿಟಕಿಯ ಮೇಲೆ ಮಾವನ ಕನ್ನಡಕ ಹಾಗೆಯೇ ಇತ್ತು, ದಿನಾ ಅವಳೇ ಸೆರಗಿನಿಂದ ಒರೆಸಿಡುತ್ತಿದ್ದಳು. ಆ ಮಂಚದ ಮೇಲೆ ಇನ್ನೊಬ್ಬರು ಕಾಲು ಚಾಚುವುದನ್ನು ನೆನೆದಾಗಲೆಲ್ಲ ಕನ್ನಡಕವನ್ನು ಇನ್ನೊಮ್ಮೆ ಒರೆಸುತ್ತಿದ್ದಳು.

ಹೀಗಿರುವಾಗ ಒಂದು ಬೆಳಿಗ್ಗೆ ಮೂರನೇ ಸರ್ವರ್ ಕೆಟ್ಟು ನಿಂತಿತು. ಏನು ಮಾಡಿದರೂ ಎದ್ದೇಳಲಿಲ್ಲ. ಮ್ಯಾನೇಜರ್ ಬಾಗಿಲಲ್ಲಿ ನಿಂತು, "ಇನ್ನೂ ಎರಡಿವೆಯಲ್ಲ ಮೇಡಂ, ಯಾಕೆ ಗಾಬರಿ?" ಎಂದರು.

"ಎರಡರಲ್ಲಿ ಒಂದು ಸೀನಿದ್ರೂ ಅಂಗಡಿ ಬಾಗಿಲು ಹಾಕ್ಬೇಕು ಸರ್."

ಬಾಗಿಲು ಹಾಕುವ ಮಾತು ಕೇಳಿದ್ದೇ ತಡ, ಅವರು ಹೊಸ ಮಷೀನನ್ನು ಊಟದ ಹೊತ್ತಿಗೆ ತರಿಸಿದರು. ಡಬ್ಬ ಬಿಚ್ಚುವ ಮೊದಲೇ ಅವಸರ ಶುರು. "ಮೊದ್ಲು ಇದನ್ನ ಸೇರಿಸ್ಬಿಡಿ. ಸತ್ತಿದ್ದನ್ನ ಆಮೇಲೆ ನಿಧಾನಕ್ಕೆ ತೆಗೆದ್ರಾಯ್ತು."

"ಆಗಲ್ಲ ಸರ್. ಸತ್ತಿದ್ದರ ಹೆಸರು ಒಳಗಿದ್ರೆ ಅದನ್ನೂ ಲೆಕ್ಕಕ್ಕೆ ಹಿಡೀತಾವೆ. ಆಗ ನಾಲ್ಕು ಜನ, ಅರ್ಧಕ್ಕಿಂತ ಹೆಚ್ಚು ಅಂದ್ರೆ ಮೂರು ಒಪ್ಪಿಗೆ ಬೇಕು. ಸತ್ತಿದ್ದು ಹೂಂ ಅನ್ನಲ್ಲ. ಹೊಸದಕ್ಕೆ ಇನ್ನೂ ತಲೆ ಬುಡ ಗೊತ್ತಿಲ್ಲ. ಇರೋ ಎರಡೂ ಮಿಕಮಿಕ ನೋಡ್ಕೊಂಡು ಕೂರ್ತಾವೆ. ಮೊದ್ಲು ಸತ್ತಿದ್ದರ ಹೆಸರು ತೆಗೀಬೇಕು, ಅಷ್ಟೇ."

ಅಷ್ಟೇ ಎಂದವಳ ಬೆರಳು ಕೀಬೋರ್ಡಿನ ಮೇಲೆ ಹಾಗೇ ನಿಂತಿತು.

"ಏನಾಯ್ತು ಮೇಡಂ?"

"ಏನಿಲ್ಲ" ಎಂದು ಒತ್ತಿದಳು. ಹೆಸರು ಹೋಯಿತು. ಉಳಿದೆರಡು ಏನೂ ಆಗದವರಂತೆ ಸೀಟು ಮಾರುತ್ತಲೇ ಇದ್ದವು. ಅವುಗಳ ಮೇಲೆ ಅವಳಿಗೆ ಸಿಟ್ಟೇ ಬಂತು.

ಹೊಸದನ್ನು ಜೋಡಿಸಿದಳು. ಬಂದ ಕೂಡಲೇ ಅದಕ್ಕೆ ಓಟಿಲ್ಲ. ಹಳೆಯವೆರಡೂ ತಮಗೆ ಗೊತ್ತಿರುವುದನ್ನೆಲ್ಲ ಅದರ ತಲೆಗೆ ತುಂಬಬೇಕು, ಅಲ್ಲಿಯವರೆಗೆ ಬಾಯಿ ಮುಚ್ಚಿ ಕೇಳಿಸಿಕೊಳ್ಳಬೇಕು. ಮಧ್ಯಾಹ್ನವೆಲ್ಲ ಅವಳು ಮುರುಕು ಸೂಟ್‌ಕೇಸೊಂದರ ಮೇಲೆ ಕೂತು ಕಾದಳು. ಸಂಜೆ ಅದು ಮೊದಲ ಸಲ ಹೂಂ ಅಂದಿತು. ಯಾರೋ ಪುಣ್ಯಾತ್ಮನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು.

ಮನೆಗೆ ಬಂದರೆ ಹಾಲ್‌ನಲ್ಲಿ ನಾದಿನಿ ಕೂತಿದ್ದಳು. ಪಕ್ಕದಲ್ಲಿ ಪೆಟ್ಟಿಗೆ. ಹಾಸ್ಟೆಲ್‌ನವರು ಬೀಗ ಹಾಕಿದ್ದರಂತೆ. ದೊಡ್ಡ ಬಾಯಿಯ ಹೆಂಗಸು ಅದನ್ನೂ ಅಣ್ಣನ ಬಾಯಿಂದಲೇ ಹೇಳಿಸಿದಳು.

ಗಂಡ ಗಂಟಲು ಸರಿಮಾಡಿಕೊಂಡ. "ನೋಡು, ಅಪ್ಪ ಇದ್ದಿದ್ರೆ..."

"ಮಾವ ಇಲ್ಲ ರೀ."

ಇಷ್ಟು ತಿಂಗಳಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಇದೇ ಮೊದಲು. ಹೇಳಿದ ಮೇಲೆ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಡಲು ದನಿ ಏರಿಸಿದಳು. "ಇರೋರು ಮೂರು ಜನ. ಇವಳು ಇಲ್ಲಿರಲಿ ಅನ್ನೋರು ಎತ್ತಿ ಕೈ."

ಗಂಡ ಎತ್ತಿದ. ನಾದಿನಿ ಎತ್ತಲಿಲ್ಲ. "ನನಗೂ ಓಟಿದ್ರೆ ಬೇಡ ಅಂತಾನೇ ಬರ್ಕೊಳ್ಳಿ ಅತ್ತಿಗೆ" ಎಂದಳು. "ಬೇಡ ಅಂದವರ ಮನೇಲಿ ನಾನಿರಲ್ಲ."

ಒಂದು ಕೈ ಮೇಲೆ, ಒಂದು ಕೆಳಗೆ. ಸುಮ್ಮನೆ ನಿಂತಿದ್ದರೆ ಸಾಕು, ಸರ್ವರಮ್ಮ ಗೆದ್ದಂತೆಯೇ. ಸತ್ತವರನ್ನು ಕರೆಯುವ ಅಗತ್ಯವೂ ಇರಲಿಲ್ಲ. ಅವಳು ಮಾವನ ಕೋಣೆಗೆ ಹೋಗಿ ಕಿಟಕಿಯ ಮೇಲಿದ್ದ ಕನ್ನಡಕ ತಂದಳು. ಅದನ್ನು ಹಿಡಿದ ಕೈಯನ್ನೇ ಎತ್ತಿದಳು.

"ಇದನ್ನ ಎಲ್ಲಿಡೋದು ಹೇಳು. ಕೋಣೆ ಇನ್ಮೇಲೆ ನಿಂದು."

ನಾದಿನಿ ಪೆಟ್ಟಿಗೆಯ ಮೇಲೆ ಮುಖವಿಟ್ಟು ಬಿಕ್ಕಿದಳು. ಗಂಡ ಎತ್ತಿದ ಕೈ ಇಳಿಸುವುದನ್ನೇ ಮರೆತಿದ್ದ.

"ಹಾಗಾದ್ರೆ... ನಾನು ಗೆದ್ನಾ?"

"ಗೆದ್ರಿ."

ಅದೇ ಹುಮ್ಮಸ್ಸಿನಲ್ಲಿ ಅವನು ಎದ್ದು ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದ. "ಎರಡಕ್ಕಿಡೋಣ, ಅಲ್ವಾ?"

ನಾದಿನಿ ಮೂಗು ಒರೆಸಿಕೊಂಡು ತಲೆ ಎತ್ತಿದಳು. "ಈ ಸೆಖೇಲಿ ಎರಡಾ? ಮೂರಕ್ಕಿಡೋ."

ಸರ್ವರಮ್ಮ ಕನ್ನಡಕ ಹಿಡಿದ ಕೈಯನ್ನು ಮತ್ತೆ ಎತ್ತಿದಳು.