ರೊಟ್ಟಿ ಖೋಲಿಯ ಬಾಗಿಲು

ನಮ್ಮ ಮನೆತನದಲ್ಲಿ ದೀಪ ಹಚ್ಚುವ ಹೊತ್ತಿಗೆ ಬೀದಿಬಾಗಿಲು ಮುಚ್ಚಿದ ಮೊದಲ ಸೊಸೆ ನಾನು. ಓಣಿಯವರು ಇದನ್ನು ಇವತ್ತಿಗೂ ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಬೆನ್ನ ಹಿಂದೆ ಯಾಕೆ, ಮುಖದ ಮುಂದೆಯೇ ಹೇಳಲಿ. ಮುಚ್ಚಿದ್ದು ಖರೆ. ಯಾಕೆ ಮುಚ್ಚಿದೆ ಎಂಬುದನ್ನು ಮಾತ್ರ ಯಾರೂ ಪೂರ್ತಿ ಹೇಳುವುದಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ.

ನಾನು ಖಡಕ್ ರೊಟ್ಟಿ ಮಾಡಿ ಮಾರುವವಳು. ಹುಟ್ಟಿದ್ದು ಕೌಜಲಗಿಯಲ್ಲಿ, ಕೊಟ್ಟದ್ದು ಗೋಕಾಕಕ್ಕೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹೊಯ್ದು ನಾದಿ, ತೆಳ್ಳಗೆ ಬಡಿದು, ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಸವರಿ, ತಿರುವಿ ಬೇಯಿಸಿ, ಕೊನೆಗೆ ಒಲೆಯ ಬದಿಗೆ ಆನಿಸಿ ನಿಲ್ಲಿಸಿದರೆ ರೊಟ್ಟಿ ಖಡಕ್ ಆಗುತ್ತದೆ. ಮುರಿದರೆ ಕಟ್ ಎನ್ನಬೇಕು. ಆ ಸಪ್ಪಳ ಬಾರದಿದ್ದರೆ ಅದನ್ನು ಖಡಕ್ ರೊಟ್ಟಿ ಎಂದು ಮಾರುವುದು ಮೋಸ. ಬೆಳಗಿನ ಐದಕ್ಕೆ ಕೂತರೆ ಹತ್ತು ಗಂಟೆಗೆ ಏಳುತ್ತೇನೆ. ನನ್ನ ಅಂಗೈ ನೋಡಿ ಯಾವ ಜ್ಯೋತಿಷಿಯೂ ಭವಿಷ್ಯ ಹೇಳಲಾರ, ರೇಖೆಗಳೆಲ್ಲ ಹಂಚಿನ ಪಾಲಾಗಿವೆ.

ರೊಟ್ಟಿ ಇಡುವುದು ಮನೆಯ ಮುಂದಿನ ಸಣ್ಣ ಖೋಲಿಯಲ್ಲಿ. ಮಾವನವರ ಕಾಲದಲ್ಲಿ ಅದು ಕಿರಾಣಿ ಅಂಗಡಿಯಾಗಿತ್ತು, ಹಾಗಾಗಿ ಅದರ ಬಾಗಿಲು ನೇರ ಬೀದಿಗೇ ತೆರೆಯುತ್ತದೆ. ಮನೆಗೆ ಬೀದಿಬಾಗಿಲು ಎಂದರೆ ಅದೊಂದೇ, ನಮ್ಮ ಓಡಾಟವೆಲ್ಲ ಬದಿಯ ಸಂದಿಯಿಂದ. ಎರಡು ಹಾಸಿಗೆ ಹಾಸಿದರೆ ತುಂಬಿಹೋಗುವಷ್ಟು ಜಾಗ. ಒಂದು ವರ್ಷ ಘಟಪ್ರಭೆ ಉಕ್ಕಿ ನಮ್ಮ ಓಣಿಗೆ ಬಂದಳು. ಎರಡು ದಿನ ಮೊಣಕಾಲುದ್ದ ನೀರು ಆ ಖೋಲಿಯಲ್ಲಿ ನಿಂತಿತ್ತು. ನೀರು ಇಳಿಯಿತು, ಗೋಡೆಯ ತೇವ ಇಳಿಯಲಿಲ್ಲ. ಅಂದಿನಿಂದ ಮಳೆಗಾಲ ಬಂತೆಂದರೆ ಆ ಗೋಡೆಗಳು ಬೆವರುತ್ತವೆ, ಸುಣ್ಣ ಹಪ್ಪಳೆಹಪ್ಪಳೆಯಾಗಿ ಉದುರುತ್ತದೆ.

ರೊಟ್ಟಿಗೆ ಗಿರಾಕಿ ಹೆಚ್ಚುವುದೂ ಆ ದಿನಗಳಲ್ಲಿಯೇ. ಮಳೆ ಶುರುವಾದರೆ ಜನ ಫಾಲ್ಸ್ ನೋಡಲು ಬರುತ್ತಾರೆ. ನೀರು ನೋಡಿದವರಿಗೆ ಹಸಿವಾಗುತ್ತದೆ. ಹಸಿದವರಿಗೆ ಎಣಗಾಯಿ ಪಲ್ಯ ಮತ್ತು ಖಡಕ್ ರೊಟ್ಟಿ ಬೇಕು. ಹುಕ್ಕೇರಿ ಕಡೆ ಹತ್ತರಗಿಯಲ್ಲಿ, ಹೆದ್ದಾರಿಯ ಬಾಜೂ, ನನ್ನ ತಂಗಿ ಮತ್ತು ಅವಳ ಗಂಡ ಖಾನಾವಳಿ ನಡೆಸುತ್ತಾರೆ. ನನ್ನ ರೊಟ್ಟಿಯಲ್ಲಿ ಅರ್ಧ ಅಲ್ಲಿಗೇ ಹೋಗುತ್ತದೆ. ಹೋದ ಮಳೆಗಾಲದ ಶುರುವಿನಲ್ಲಿ ಒಂದು ಗಂಟು ರೊಟ್ಟಿ ಹಾಗೆಯೇ ವಾಪಸು ಬಂತು. ಹಿಂದೆಯೇ ತಂಗಿಯ ಫೋನು.

"ಅಕ್ಕಾ, ಸಿಟ್ಟ ಆಗಬ್ಯಾಡ. ಇದು ರೊಟ್ಟಿ ಅಲ್ಲವಾ, ಮಡಚಿ ಕಿಸೇದಾಗ ಇಡೂ ದಸ್ತಿ ಆಗೈತಿ. ಗಿರಾಕಿ ನಗಾಕತ್ತಾರ."

ಬೇರೆ ಯಾರಾದರೂ ಅಂದಿದ್ದರೆ ಜಗಳ ತೆಗೆಯುತ್ತಿದ್ದೆ. ಸ್ವಂತ ತಂಗಿ ಅಂದಳು, ಅದೂ ಖರೆ ಅಂದಳು. ಗಂಟು ಬಿಚ್ಚಿ ಒಂದು ರೊಟ್ಟಿ ಎತ್ತಿದೆ. ಅದು ಮುರಿಯಲಿಲ್ಲ, ಬಗ್ಗಿತು. ನನಗೆ ಅವಮಾನವಾಯಿತು. ಅಳು ಬರಲಿಲ್ಲ, ಸಿಟ್ಟು ಬಂತು.

ಭಾವನವರಿಗೆ ಅದೇ ಬೇಕಾಗಿತ್ತು. ನನ್ನ ಯಜಮಾನರ ಅಣ್ಣ, ಎದುರು ಮನೆಯಲ್ಲಿ ಇರುತ್ತಾರೆ. ಹೊಲಕ್ಕೆ ನೀರು ಹಾಯಿಸುವ ಪೈಪಿನ ಅಂಗಡಿ ಅವರದು. ಆ ಖೋಲಿಯನ್ನು ಗೋದಾಮು ಮಾಡಿಕೊಳ್ಳಬೇಕೆಂಬ ಆಸೆ ಅವರಿಗೆ ಬಹಳ ದಿನಗಳಿಂದ ಇತ್ತು. ಮನೆ ಪಾಲಾದಾಗ ಖೋಲಿ ಯಾರದೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಕೀಲಿಕೈ ನನ್ನ ಹತ್ತಿರ ಒಂದು, ಅವರ ಗೊಂಚಲಲ್ಲಿ ಒಂದು. ಮಠದಲ್ಲಿ ಮೈಕು ಹಿಡಿದು ಕಾಯಕದ ಬಗ್ಗೆ ಅರ್ಧ ತಾಸು ಮಾತನಾಡಬಲ್ಲವರು ಅವರು. ಆದರೆ ನಾನು ಮಾಡುವುದಕ್ಕೆ ಅವರು ಇಟ್ಟ ಹೆಸರು ಚಟ.

"ಮಳಿಗಾಲದಾಗ ಈ ಚಟಾ ಬಂದ್ ಮಾಡವಾ. ಖೋಲಿ ನಂಗ ಬಿಡು. ಪೈಪಿಗೇನ ತೇವಾ ತಗಲೂದಿಲ್ಲ, ಎಲ್ಲಿ ಇಟ್ರೂ ಇರತಾವು" ಎಂದರು.

"ರೊಟ್ಟಿ ಮೆತ್ತಗಾಗಲಾರದಂಗ ಇಟ್ಟ ತೋರಸ್ತೇನ್ರಿ" ಎಂದೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ. ಬಾಯಿಂದ ಬಂತು, ಬಂದದ್ದನ್ನು ಹಿಂದೆ ತೆಗೆದುಕೊಳ್ಳುವ ಸ್ವಭಾವ ನನ್ನದಲ್ಲ.

ಭಾವ ನಕ್ಕರು. "ಹಂಗಾರ ಪಂಚಮಿ ದಿನಾ ಬಂದ ನೋಡತೇನಿ. ಹದಿನೈದ ದಿನದ ರೊಟ್ಟಿ ಕಟ್ ಅಂದ್ರ ಖೋಲಿ ನಿಂದು, ನನ್ನ ಕೀಲೀನೂ ನಿನಗ. ಬಗ್ಗಿತಂದ್ರ ಮರುದಿನಾ ನನ್ನ ಪೈಪ್ ಬರತಾವು."

ದಿನವನ್ನು ಅವರು ಲೆಕ್ಕ ಹಾಕಿಯೇ ಆರಿಸಿದ್ದರು. ನಮ್ಮ ಕಡೆ ನಾಗರ ಪಂಚಮಿಯ ಹಿಂದಿನ ದಿನ ರೊಟ್ಟಿ ಹಬ್ಬ, ಮನೆಮನೆಗೆ ರೊಟ್ಟಿ ಪಲ್ಯ ಹಂಚುತ್ತೇವೆ. ಪಂಚಮಿಯ ದಿನ ಮಾತ್ರ ನಮ್ಮ ಮನೆಯಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ. ಬೇರೆ ದಿನವಾದರೆ ಮೆತ್ತಗಾದ ರೊಟ್ಟಿಯನ್ನು ಹಂಚಿನ ಮೇಲೆ ಬಿಸಿಮಾಡಿ ಖಡಕ್ ಮಾಡಿಬಿಡಬಹುದು. ಅಂದು ಆ ಕಳ್ಳದಾರಿ ಬಂದ್. ನನ್ನ ಯಜಮಾನರು ಬಸ್ ಡ್ರೈವರ್, ಮನೆಯ ಜಗಳದಲ್ಲಿ ಯಾವ ಕಡೆಗೂ ಸ್ಟೇರಿಂಗ್ ತಿರುಗಿಸುವವರಲ್ಲ. "ನೀ ಹೆಂಗಂತಿ ಹಂಗ" ಎಂದು ಡ್ಯೂಟಿಗೆ ಹೋದರು.

ಅದೇ ವಾರ ಒಂದು ಕೆಲಸಕ್ಕೆ ಮೂಡಲಗಿಗೆ ಹೋದವಳು ಅರ್ಜಿಗೆ ಹಚ್ಚುವ ಫೋಟೋ ತೆಗೆಸಲು ಒಂದು ಸ್ಟುಡಿಯೋಕ್ಕೆ ಹೊಕ್ಕೆ. ಕ್ಯಾಮೆರಾ ಇಟ್ಟ ಕಾಜಿನ ಕಪಾಟಿನ ಬದಿಯಲ್ಲಿ ಎಣ್ಣೆ ಡಬ್ಬಿಯಷ್ಟು ದೊಡ್ಡದೊಂದು ಬಿಳಿ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಅದೇನೆಂದು ಕೇಳಿದೆ.

"ಗಾಳ್ಯಾಗಿನ ತೇವಾ ಹೀರತೈತ್ರಿ ಅಕ್ಕಾರ" ಎಂದರು ಸ್ಟುಡಿಯೋದವರು. "ಇಲ್ಲಂದ್ರ ಮಳಿಗಾಲದಾಗ ಲೆನ್ಸಿಗೆ ಬೂಷ್ಟು ಹಿಡಿತೈತಿ." ಪೆಟ್ಟಿಗೆಯ ಕೆಳಗಿನ ಡಬ್ಬಿ ಎಳೆದು ತೋರಿಸಿದರು. ಅದರಲ್ಲಿ ಎರಡು ತಂಬಿಗೆಯಷ್ಟು ನೀರು. ಯಾರೂ ಹಾಕಿದ ನೀರಲ್ಲ, ಗಾಳಿಯಿಂದ ಬಂದದ್ದು.

ನಾನು ಫೋಟೋಕ್ಕೆ ಕೂತದ್ದೂ ಆ ಪೆಟ್ಟಿಗೆಯನ್ನು ನೋಡುತ್ತಲೇ. ಅರ್ಜಿಯ ಫೋಟೋದಲ್ಲಿ ಈಗಲೂ ನನ್ನ ಕಣ್ಣುಗಳು ಓರೆಯಾಗಿವೆ. ಅವರು ದೊಡ್ಡದೊಂದು ತರಿಸುವವರಿದ್ದರು, ಹಳೆಯದನ್ನು ನನಗೆ ಮಾರಿದರು. ಕೊಡುವಾಗ ಒಂದೇ ಮಾತು ಹೇಳಿದರು: "ಖೋಲಿ ಕಿಡಕಿ ಬಾಗಲಾ ಮುಚ್ಚೇ ಇಡ್ರಿ." ಅದೇನು ಮಹಾ ಎಂದು ತಲೆಯಾಡಿಸಿ, ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆ.

ಮೊದಲ ದಿನ ಡಬ್ಬಿ ತುಂಬಿದಾಗ ಅತ್ತಿಯವರಿಗೆ ಭಾರೀ ಖುಷಿಯಾಯಿತು. ನನ್ನ ಗಂಡನ ತಾಯಿ, ಎಂಬತ್ತರ ಹತ್ತಿರದವರು. ಕಣ್ಣು ಸ್ವಲ್ಪ ಮಂದ, ನಾಲಿಗೆ ಮಾತ್ರ ಚುರುಕು. "ಮಷಿನ್ಯಾಗ ಗಂಗಿ ಬಂದಾಳ" ಎಂದು ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದರು. ದಿನಕ್ಕೆರಡು ಸಲ ಡಬ್ಬಿ ತುಂಬುತ್ತಿತ್ತು, ಅವರು ಅದನ್ನು ಹೊತ್ತು ದಾಸವಾಳದ ಗಿಡಕ್ಕೆ ಹಾಕುತ್ತಿದ್ದರು. ನಾನು ಗೆದ್ದೆ ಎಂದುಕೊಂಡೆ. ನಾಲ್ಕನೆಯ ದಿನ ಒಂದು ರೊಟ್ಟಿ ಎತ್ತಿ ಮುರಿದೆ. ಬಗ್ಗಿತು.

ಮೂಡಲಗಿಗೆ ಫೋನ್ ಮಾಡಿ ಬೈದೆ. "ಕೆಟ್ಟ ಮಷಿನ್ ಕೊಟ್ಟೀರಿ."

"ಬಾಗಲಾ ಮುಚ್ಚೀರೇನ್ರಿ?"

"ಮುಚ್ಚೇ ಇರತೈತ್ರಿ. ನಾನೇನ ಸಣ್ಣ ಹುಡಗೀನ?"

ಅವರು ಪಾಪ ಒಳ್ಳೆಯ ಮನುಷ್ಯ. ಎರಡು ದಿನ ಬಿಟ್ಟು ಗೋಕಾಕಕ್ಕೆ ಬಂದ ಕೆಲಸ ಮುಗಿಸಿ ಸಂಜೆ ನಮ್ಮ ಮನೆಗೂ ಬಂದರು. ಬಂದವರು ಬೀದಿಯಲ್ಲೇ ನಿಂತುಬಿಟ್ಟರು. ಜಿಟಿಜಿಟಿ ಮಳೆ ಹಿಡಿದಿತ್ತು. ಖೋಲಿಯ ಬಾಗಿಲಿನ ಎರಡೂ ಕದ ಹಾರುಹೊಡೆದಿದ್ದವು. ಒಳಗೆ ಮಷಿನ್ನು ಗುಂಯ್ ಎನ್ನುತ್ತಿತ್ತು.

"ಅಕ್ಕಾರ, ಇದೇನ್ರಿ?"

"ಏನ್ರಿ?"

"ಬಾಗಲಾ."

"ದೀಪಾ ಹಚ್ಚೂ ಹೊತ್ತಲ್ರಿ" ಎಂದೆ, ಇಷ್ಟೂ ಗೊತ್ತಿಲ್ಲವೇ ಎಂಬಂತೆ.

ಅವರು ಹಣೆ ಹಣೆ ಬಡಿದುಕೊಂಡರು. ಮಷಿನ್ನಿನ ಮೇಲಿನ ತೇವದ ಅಂಕಿ ತೋರಿಸಿದರು. ಹಗಲೆಲ್ಲ ಮುಚ್ಚಿದಾಗ ಐವತ್ತಕ್ಕೆ ಇಳಿದದ್ದು, ಬಾಗಿಲು ತೆಗೆದ ಸ್ವಲ್ಪ ಹೊತ್ತಿನಲ್ಲೇ ಎಂಬತ್ತು ದಾಟಿತ್ತು. "ಇದು ನಿಮ್ಮ ಖೋಲಿ ಒಣಗಸಾಕತ್ತಿಲ್ರಿ, ಇಡೀ ಗೋಕಾಕ ಒಣಗಸಾಕತ್ತೈತಿ. ಹೊಳೀನೂ ಸೇರಿಸಿ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಸುಳ್ಳು ಹೇಳಿರಲಿಲ್ಲ. ಬಾಗಿಲು ಮುಚ್ಚೇ ಇರುತ್ತದೆ ಎಂದದ್ದು ನನ್ನ ಮನಸ್ಸಿನಲ್ಲಿ ಖರೆಯೇ ಆಗಿತ್ತು. ದೀಪ ಹಚ್ಚುವ ಹೊತ್ತಿಗೆ ಹಿತ್ತಿಲ ಬಾಗಿಲು ಹಾಕಿ ಬೀದಿಯ ಬಾಗಿಲು ತೆಗೆಯುವುದು, ಲಕ್ಷ್ಮಿ ಬರಲೆಂದು ಊಟದ ಹೊತ್ತಿನ ತನಕ ಹಾಗೇ ಬಿಡುವುದು, ಇದನ್ನು ನಾವು ಬಾಗಿಲು ತೆಗೆಯುವ ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಣ್ಣು ಮಿಟುಕಿಸುವುದನ್ನು ಯಾರು ಎಣಿಸುತ್ತಾರೆ? ದಿನವೆಲ್ಲ ಕಾಪಾಡಿದ ರೊಟ್ಟಿಗೆ ಹೊಳೆಯ ತಂಡಿಗಾಳಿ ಏಳುವ ಆ ಎರಡು ತಾಸುಗಳಲ್ಲಿ ನಾನೇ ತೇವ ಕುಡಿಸುತ್ತಿದ್ದೆ.

ಆ ವಾರದ ರೊಟ್ಟಿಯನ್ನೆಲ್ಲ ಹೊರಗೆ ಹಾಕಿ ಹೊಸದಾಗಿ ಬಡಿದೆ. ಪಂಚಮಿಗೆ ಸರಿಯಾಗಿ ಹದಿನೈದು ದಿನ ಉಳಿದಿತ್ತು. ಅಂದು ಸಂಜೆ ಅತ್ತಿ ದೀಪ ಹಚ್ಚಿ ಖೋಲಿಯ ಬಾಗಿಲಿಗೆ ಕೈ ಹಾಕಿದಾಗ ಅಡ್ಡ ನಿಂತೆ.

"ಇನ್ನ ಮ್ಯಾಲ ಈ ಬಾಗಲಾ ತಗಿಯೂದಿಲ್ಲ ಅತ್ತಿ."

ಅತ್ತಿ ನನ್ನ ಮುಖವನ್ನೇ ನೋಡಿದರು. "ಈ ಮನ್ಯಾಗ ದೀಪಾ ಹಚ್ಚೂ ಹೊತ್ತಿಗೆ ಬಾಗಲಾ ಹಾಕಿದ್ದು ನಿಮ್ಮ ಮಾವ ಸತ್ತ ದಿನಾ ಒಂದ. ಲಕ್ಷ್ಮಿ ಬಂದ ಹೊಳ್ಳಿ ಹ್ವಾದ್ರ?"

ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂವತ್ತು ವರ್ಷ ನಾನೂ ಆ ಬಾಗಿಲನ್ನು ಕೈಮುಗಿದೇ ತೆಗೆದವಳು. ಆದರೆ ಅದೇ ಮೂವತ್ತು ವರ್ಷ ನಸುಕಿನಲ್ಲಿ ಎದ್ದು ಬೆಂಕಿಯ ಮುಂದೆ ಕೂತವಳೂ ನಾನೇ.

"ಬಂದಾಕಿ ಬಾಗಲಾ ಬಡೀಲಿ, ತೆಗೀತೇನಿ" ಎಂದೆ. "ದಿನಾ ಇಷ್ಟ ದುಡಿತೇನಿ, ಆಕಿಗಿ ನನ್ನ ಮನಿ ಗುರ್ತ ಸಿಗೂದಿಲ್ಲೇನ? ಒಂದ ಬಾಗಲಾ ಹಾಕಿದ್ದಕ್ಕ ಸಿಟ್ಟ ಮಾಡಿ ಹೋಗಾಕಿ ಇದ್ರ ಹೋಗ್ಲಿ."

ಕೊನೆಯ ಮಾತು ಹೆಚ್ಚಾಯಿತೇನೋ. ಅತ್ತಿ ಎರಡು ದಿನ ನನ್ನ ಕೈಯಿಂದ ಊಟ ಇಸಿದುಕೊಳ್ಳಲಿಲ್ಲ, ತಾವೇ ಬಡಿಸಿಕೊಂಡರು. ಮೂರನೆಯ ಸಂಜೆ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ತಲೆಗೆ ಸೆರಗು ಹೊದ್ದು, ಹೊರಗಿನ ಕಟ್ಟೆಯ ಮೇಲೆ ಮುಚ್ಚಿದ ಬಾಗಿಲ ಬದಿಗೆ ಕೂತರು. ಇರಚಲು ಹೊಡೆಯುತ್ತಿತ್ತು. ಒಳಗೆ ಬರ್ರಿ ಎಂದು ಕರೆದೆ.

"ನೀ ಬಾಗಲಾ ಹಾಕ್ಕೊಂಡ ಕುಂಡ್ರು. ಆಕಿ ಬಂದ್ರ ಬಡಿಯಂತ ಹೇಳಾಕ ಯಾರರೆ ಬೇಕಲ್ಲ" ಎಂದರು.

ಚುಚ್ಚಿ ಅಂದರೋ ಖರೆಯೇ ಅಂದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಬಾಗಿಲು ತೆಗೆಯಲಿಲ್ಲ, ಅವರು ಕುರ್ಚಿ ಬಿಡಲಿಲ್ಲ. ಪಂಚಮಿಯ ತನಕ ದಿನವೂ ಹಾಗೆಯೇ ನಡೆಯಿತು. ಓಣಿಯವರು ಹೋಗುತ್ತ ಬರುತ್ತ ಅತ್ತಿಯನ್ನು ನೋಡಿ ಲೊಚಗುಟ್ಟಿದರು. ನನ್ನನ್ನು ಬಾಯಿಗೆ ಬಂದಂತೆ ಆಡಿಕೊಂಡರು. ನಾನು ಒಳಗೆ ಕೂತು ಮಷಿನ್ನಿನ ಅಂಕಿ ನೋಡುತ್ತಿದ್ದೆ. ಕರೆಂಟು ಹೋದಾಗ ಮಾತ್ರ ಜೀವ ಹೋದಂತಾಗುತ್ತಿತ್ತು.

ಪಂಚಮಿಯ ದಿನ ಭಾವ ಬೇಕಂತಲೇ ದೀಪ ಹಚ್ಚುವ ಹೊತ್ತಿಗೇ ಬಂದರು. ಒಲೆ ಬೆಳಗಿನಿಂದ ತಣ್ಣಗಿತ್ತು. ಅವರು ಹೊರಗಿನಿಂದ ಬಾಗಿಲು ನೂಕಿದ್ದು ಕೇಳಿಸಿತು. ನಾನು ಒಳಗಿನಿಂದ ಅಗಳಿ ಹಾಕಿದ್ದೆ.

"ಬಾಗಲಾ ಬಡಿ" ಎಂದಿತು ಅತ್ತಿಯ ದನಿ.

"ನಮ್ಮ ಮನಿ ಬಾಗಲಾ ನಾ ಯಾಕ ಬಡೀಲಿ?"

"ಲಕ್ಷ್ಮಿಗೇ ಬಡೀ ಅಂದಾಳ ಆಕಿ. ನೀ ಯಾವೂರ ದೊಡ್ಡಾಂವ?"

ಆಮೇಲೆ ಬಾಗಿಲು ಬಡಿದ ಸಪ್ಪಳ ಬಂತು, ಮೂರು ಸಲ. ನಾನು ಅವಸರ ಮಾಡದೆ ಎದ್ದು, ಸೆರಗು ಸರಿಮಾಡಿಕೊಂಡು, ಅಗಳಿ ತೆಗೆದೆ.

"ಲಗೂನ ಒಳಗ ಬರ್ರಿ, ತೇವಾ ಬರತೈತಿ."

ಅವರು ಜಾಣರು. ಮೇಲಿನ ರೊಟ್ಟಿ ಮುಟ್ಟಲಿಲ್ಲ, ಬುಟ್ಟಿಯ ತಳಕ್ಕೆ ಕೈ ಹಾಕಿ ಹದಿನೈದು ದಿನದ ಹಳೆಯದನ್ನೇ ಎಳೆದರು. ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಲು ನೋಡಿದರು.

ಕಟ್.

ಇನ್ನೊಂದು ಎಳೆದರು. ಕಟ್. ಚೂರುಗಳು ಅವರ ಬಿಳಿ ಅಂಗಿಯ ಮೇಲೆ ಹಾರಿದವು. ಮೂರನೆಯದಕ್ಕೆ ಕೈ ಹಾಕಿದಾಗ ಹೊರಗಿನಿಂದ ಅತ್ತಿ ಕೂಗಿದರು: "ಸಾಕ ಬಿಡೋ, ನಂಗ ಇಲ್ಲೀತನಾ ಕೇಳಿಸ್ತು. ಹಬ್ಬದ ರೊಟ್ಟಿ ಎಲ್ಲಾ ಮುರದ ಹಾಕಬ್ಯಾಡ."

ಭಾವ ಗೊಂಚಲಿನಿಂದ ಕೀಲಿಕೈ ಬಿಡಿಸುತ್ತ ಬಹಳ ಹೊತ್ತು ತೆಗೆದುಕೊಂಡರು. ರೊಟ್ಟಿಯ ಬುಟ್ಟಿಯ ಮೇಲೆ ಇಟ್ಟರು. ಕೊಟ್ಟ ಮಾತಿಗೆ ತಪ್ಪಲಿಲ್ಲ, ಅಷ್ಟು ಹೇಳಲೇಬೇಕು. ಬಾಗಿಲ ತನಕ ಹೋದವರು ತಿರುಗಿ ನಿಂತು, "ಈಗ ನನ್ನ ಪೈಪ್ ಎಲ್ಲಿ ಇಡ್ಲೆವಾ?" ಎಂದರು.

"ಮಳ್ಯಾಗ ಇಡ್ರಿ ಭಾವ್ರ" ಎಂದೆ. "ಪೈಪಿಗೆ ತೇವಾ ತಗಲೂದಿಲ್ಲಂತ ನೀವ ಹೇಳಿದ್ರೆಲ್ಲ."

ಕಟ್ಟೆಯ ಮೇಲೆ ಅತ್ತಿ ಗೊಳ್ಳೆಂದು ನಕ್ಕರು. ಅವರನ್ನು ಒಳಗೆ ಕರೆದು, ಕುರ್ಚಿಯನ್ನೂ ಎಳೆದುಕೊಂಡು, ಬಾಗಿಲು ಹಾಕಿದೆ.