ಉಗ್ರಪ್ಪನ ಕಂಪ್ರೆಸರ್ ಮತ್ತು ಹಿತ್ತಾಳೆಯ ಮುಚ್ಚಳ

ಕಾಮಾಕ್ಷಿಪಾಳ್ಯದ ಉಗ್ರಪ್ಪನು ಹದಿನಾಲ್ಕು ವರ್ಷಗಳಿಂದ ಒಂದೇ ಯಂತ್ರದ ಸೇವೆಯಲ್ಲಿದ್ದನು. ಬಾವಿಯ ತಳದ ಬಂಡೆಯನ್ನು ಕೊರೆಯುವ ಉಳಿಗೆ ಗಾಳಿಯನ್ನು ಒದಗಿಸುವ, ಡೀಸೆಲ್ ಎಂಜಿನ್ನಿನ ಹಳೆಯ ಕಂಪ್ರೆಸರ್ ಅದು. ಸುಂಕದಕಟ್ಟೆಯಿಂದ ಹೆಗ್ಗನಹಳ್ಳಿಯವರೆಗೆ ಎಷ್ಟೋ ಬಾವಿಗಳು ಅದರ ಆರ್ಭಟದಿಂದಲೇ ನೀರು ಕಂಡಿದ್ದವು. ಯಂತ್ರದ ಒಡೆಯರು ಕರಿಬಸಪ್ಪನವರು; ಜನರ ಬಾಯಲ್ಲಿ ಮಾತ್ರ ಅದು ಉಗ್ರಪ್ಪನ ಕಂಪ್ರೆಸರ್.

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಧನುರ್ಮಾಸದಲ್ಲಿ ಆ ಯಂತ್ರಕ್ಕೆ ವಿಚಿತ್ರವಾದ ರೋಗವೊಂದು ಅಂಟಿಕೊಂಡಿತು. ಮುಂಜಾನೆ ಹ್ಯಾಂಡಲ್ ತಿರುಗಿಸಿದರೆ ಎಂಜಿನ್ ಹೊತ್ತಿಕೊಳ್ಳುವುದು. ಐದು ನಿಮಿಷ ಓಡಿ, ಕೆಮ್ಮಿ, ನಿಂತುಬಿಡುವುದು. ಮತ್ತೆ ಹೊತ್ತಿಸಿದರೆ ಮತ್ತೆ ಐದು ನಿಮಿಷ. ಮೂರು ನಾಲ್ಕು ಸಲ ಹೀಗೆ ಸತ್ತು ಹುಟ್ಟಿ, ಕಬ್ಬಿಣ ಕಾದ ಮೇಲೆ, ಸಂಜೆಯವರೆಗೆ ತಕರಾರಿಲ್ಲದೆ ದುಡಿಯುವುದು. ಇದು ಚಳಿಯ ರೋಗವೆಂದು ಎಲ್ಲರೂ ತೀರ್ಪಿತ್ತರು.

ಗುರುವಾರ ಕರಿಬಸಪ್ಪನವರು ಕಡೆಯ ಮಾತು ಹೇಳಿದರು. "ಸೋಮವಾರ ನಾನೇ ಬಾವಿ ಹತ್ರ ಬರ್ತೀನಿ. ನಿಲ್ದೆ ಓಡಿದ್ರೆ ಸರಿ. ಇಲ್ದಿದ್ರೆ ಅವತ್ತೇ ಗುಜರಿಯವನ ಲಾರಿಗೆ ಹತ್ತಿಸಿಬಿಡ್ತೀನಿ."

"ಹೊಸದು ತಗೊಂಡ್ರೆ ಅದರ ಜೊತೆ ನಾನೇ ಇರ್ತೀನಲ್ಲ, ಯಜಮಾನ್ರೇ?"

"ಹೊಸದಕ್ಕೆ ಕಂಪನಿಯವರೇ ಆಳು ಕೊಡ್ತಾರಂತೆ ಕಣಯ್ಯ."

ಅಂದಿನಿಂದ ಉಗ್ರಪ್ಪನಿಗೆ ಕುಳಿತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಡೀಸೆಲ್ ಫಿಲ್ಟರನ್ನು ಬಿಚ್ಚಿ ತೊಳೆದನು. ಆಯಿಲ್ ಬದಲಾಯಿಸಿದನು. ಯಂತ್ರಕ್ಕೆ ಗೋಣಿಚೀಲ ಹೊದಿಸಿದನು; ಒಂದು ಬೆಳಗ್ಗೆ ಅದರ ಕೆಳಗೆ ಕೆಂಡದ ಬಾಣಲೆಯನ್ನೂ ಇಟ್ಟು ನೋಡಿದನು. ಐದು ನಿಮಿಷ ಆರಾಗಲಿಲ್ಲ. ಮನೆಯಲ್ಲಿ ಮುದ್ದೆ ಮುರಿದ ಕೈ ತಟ್ಟೆಯಲ್ಲೇ ಉಳಿಯುತ್ತಿತ್ತು.

"ಎಂಜಿನ್ನಿಗೆ ನೆಗಡಿ, ನಿಮಗೆ ಜ್ವರ," ಎಂದಳು ಹೆಂಡತಿ ಶಿವಗಂಗಮ್ಮ. "ಈ ಸಾರನ್ನ ಅದಕ್ಕಾದ್ರೂ ಕುಡಿಸಿಬನ್ರೀ, ಯಾರಾದ್ರೂ ಒಬ್ಬರು ಉಂಡಂಗಾಗುತ್ತೆ."

ಅವನಿಗೆ ನಗು ಬರಲಿಲ್ಲ. ಎದ್ದು ಕೈ ತೊಳೆದನು.

ಉಗ್ರಪ್ಪನದೊಂದು ನಿಯಮವಿತ್ತು. ತನ್ನ ಹಣೆಗೆ ವಿಭೂತಿಯನ್ನು ಧರಿಸಿದ ಬೆರಳುಗಳಿಂದಲೇ ಯಂತ್ರಕ್ಕೂ ಮೂರು ಗೆರೆ ಎಳೆಯದೆ ಅವನು ಹ್ಯಾಂಡಲ್ ಮುಟ್ಟುತ್ತಿರಲಿಲ್ಲ. ಮೊದಲೆಲ್ಲ ಅದನ್ನು ಎಂಜಿನ್ನಿನ ಮುಂದಿನ ತಗಡಿಗೆ ಹಚ್ಚುತ್ತಿದ್ದನು. ಆಯುಧಪೂಜೆ ಕಳೆದು ಎರಡು ತಿಂಗಳಾಗುವ ಹೊತ್ತಿಗೆ, ತುಕ್ಕು ತಿಂದ ಡೀಸೆಲ್ ಟ್ಯಾಂಕನ್ನು ತೆಗೆದು ಬೇರೊಂದನ್ನು ಕೂರಿಸಲಾಯಿತು. ಅದರ ದುಂಡನೆಯ ಹಿತ್ತಾಳೆಯ ಮುಚ್ಚಳವು ತೊಳೆದ ಹಣೆಯಂತೆ ಹೊಳೆಯುತ್ತಿದ್ದುದರಿಂದ ವಿಭೂತಿಯ ನೆಲೆ ಅಲ್ಲಿಗೆ ಬದಲಾಯಿತು. ಕಳವಳ ಹೆಚ್ಚಿದ ಈ ದಿನಗಳಲ್ಲಿ ಗೆರೆಗಳೂ ದಪ್ಪವಾದವು.

ಸೋಮವಾರ ಹೆಗ್ಗನಹಳ್ಳಿಯ ಬಾವಿಯ ಬಳಿ ಕರಿಬಸಪ್ಪನವರು ಬಂದು ನಿಂತರು. ಅವರ ಹಿಂದೆ ಗುಜರಿಯವನ ಖಾಲಿ ಲಾರಿ ನಿಂತಿತು. ಬಂಡೆ ಕೊರೆಯುವ ತಿಮ್ಮಯ್ಯ ಬಾವಿಯ ಕಟ್ಟೆಯ ಮೇಲೆ ಬೀಡಿ ಹಚ್ಚಿ ಕೂಗಿದನು: "ಏನಪ್ಪಾ ಉಗ್ರಪ್ಪ, ಇವತ್ತು ನನ್ನನ್ನ ಬಾವಿಗಿಳಿಸ್ತೀಯೋ, ಇಲ್ಲಾ ಲಾರಿ ಹತ್ತಿಸ್ತೀಯೋ?"

ಉಗ್ರಪ್ಪನು ತೇವದ ವಿಭೂತಿಯನ್ನು ಮುಚ್ಚಳದ ತುಂಬ ಹಚ್ಚಿ, ಕಣ್ಮುಚ್ಚಿ, ಹ್ಯಾಂಡಲ್ ತಿರುಗಿಸಿದನು. ಎಂಜಿನ್ ಗುಡುಗಿತು. ಒಂದು ನಿಮಿಷ, ಎರಡು, ನಾಲ್ಕು. ಅನಂತರ ಅದೇ ಕೆಮ್ಮು, ಅದೇ ಮೌನ.

ಕರಿಬಸಪ್ಪನವರು ಲಾರಿಯವನಿಗೆ ಕೈಸನ್ನೆ ಮಾಡಿದರು.

ಎಂಜಿನ್ ನಿಂತೊಡನೆ ಕಂಪ್ರೆಸರಿನಲ್ಲಿ ತುಂಬಿದ ಗಾಳಿಯನ್ನು ಹೊರಬಿಡುವುದು ಉಗ್ರಪ್ಪನ ಮೊದಲ ಕೆಲಸ. ಆ ಭೋರ್ಗರೆತದ ನಡುವೆಯೇ ಮುಚ್ಚಳ ತೆರೆದು ಡೀಸೆಲ್ ಇದೆಯೇ ಎಂದು ನೋಡುವುದು ಎರಡನೆಯದು. ಇಂದು ದಿಗಿಲಿನಲ್ಲಿ ಕ್ರಮ ತಪ್ಪಿತು. ಗಾಳಿಯನ್ನು ಬಿಡದೆ, ನಿಶ್ಶಬ್ದದಲ್ಲಿ, ಮುಚ್ಚಳ ತಿರುಗಿಸಿದನು.

ಸುಸ್ಸ್... ಎಂದು ಸಣ್ಣದೊಂದು ಸದ್ದಾಯಿತು. ಕತ್ತು ಹಿಸುಕಿ ಬಿಟ್ಟಾಗ ಮನುಷ್ಯನು ಉಸಿರನ್ನು ಒಳಗೆಳೆದುಕೊಳ್ಳುವನಲ್ಲ, ಅಂಥ ಸದ್ದು.

ಅವನು ಮುಚ್ಚಳವನ್ನು ಕಣ್ಣಿನ ಬಳಿ ಹಿಡಿದನು. ನಡುವೆ ಸಾಸಿವೆಯ ಗಾತ್ರದ ತೂತೊಂದಿತ್ತು. ಅದನ್ನು ತೇವದ ವಿಭೂತಿ ಭದ್ರವಾಗಿ ಮುಚ್ಚಿತ್ತು. ಡೀಸೆಲ್ ಕೆಳಗಿಳಿಯಬೇಕಾದರೆ ಅದರ ಜಾಗಕ್ಕೆ ಗಾಳಿ ಬರಬೇಕು. ಬರುವ ದಾರಿಯನ್ನು ತಾನೇ ದಿನವೂ ಮುಚ್ಚುತ್ತಿದ್ದನು; ಮುಚ್ಚಳ ತೆರೆದಾಗ ಒಳನುಗ್ಗಿದ ಗಾಳಿ ಐದು ನಿಮಿಷಕ್ಕಷ್ಟೇ ಸಾಲುತ್ತಿತ್ತು. ಎಂಜಿನ್ ಕಾದು ನಡುಗಿದಾಗ ವಿಭೂತಿ ಒಣಗಿ ಉದುರುತ್ತಿತ್ತು, ದಾರಿ ತೆರೆಯುತ್ತಿತ್ತು. ಚಳಿಯ ತಪ್ಪು ಏನೂ ಇರಲಿಲ್ಲ.

"ಯಜಮಾನ್ರೇ, ಇನ್ನೊಂದೇ ಸಲ!"

ಪಂಚೆಯ ಅಂಚಿನಿಂದ ಮುಚ್ಚಳವನ್ನು ಒರೆಸಿದನು. ಪೊರಕೆಯ ಕಡ್ಡಿಯಿಂದ ತೂತನ್ನು ಬಿಡಿಸಿದನು. ತುಂಬಿದ್ದ ಗಾಳಿಯನ್ನು ಹೊರಬಿಟ್ಟು, ಹ್ಯಾಂಡಲ್ ತಿರುಗಿಸಿದನು. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ಲಾರಿಯವನು ಸೀಟಿನಲ್ಲಿ ಆಕಳಿಸಿದನು.

"ಏನಾಗಿತ್ತಯ್ಯ?" ಎಂದು ಕರಿಬಸಪ್ಪನವರು ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಕೇಳಿದರು. ಅವರ ಹಣೆಯ ಮೇಲೂ ಮೂರು ಗೆರೆಗಳಿದ್ದವು.

ಕಸ ಸಿಕ್ಕಿತ್ತು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತು. ಆದರೆ ವಿಭೂತಿಯನ್ನು ಕಸವೆನ್ನಲು ಉಗ್ರಪ್ಪನಿಗೆ ಬಾಯಿ ಬರಲಿಲ್ಲ.

"ನನ್ನ ತಪ್ಪು, ಯಜಮಾನ್ರೇ. ನಾನು ಹಚ್ಚಿದ ವಿಭೂತಿ ಟ್ಯಾಂಕು ಉಸಿರಾಡೋ ತೂತನ್ನ ಮುಚ್ಚಿತ್ತು."

ತಿಮ್ಮಯ್ಯ ಬೀಡಿಯನ್ನು ಎಸೆದು ಹೊಟ್ಟೆ ಹಿಡಿದುಕೊಂಡನು. "ಹಣೆ ಅಂದ್ಕೊಂಡು ಮೂಗಿಗೆ ಮೆತ್ತಿದ್ದೀಯಲ್ಲೋ ಮಹಾರಾಯ!"

ಕರಿಬಸಪ್ಪನವರು ತುಟಿ ಬಿಗಿಹಿಡಿದರೂ ನಗು ಉಕ್ಕಿತು. ಖಾಲಿ ಲಾರಿ ಮಾಗಡಿ ರಸ್ತೆಯ ಕಡೆಗೆ ಹೊರಳಿತು. ತಿಮ್ಮಯ್ಯ ಉಳಿಯನ್ನು ಹೆಗಲಿಗೇರಿಸಿ ಬಾವಿಗಿಳಿದನು.

ಮರುದಿನ ಮುಂಜಾನೆ ಉಗ್ರಪ್ಪನ ತೇವದ ಬೆರಳುಗಳು ಅಭ್ಯಾಸಬಲದಿಂದ ಮುಚ್ಚಳದವರೆಗೆ ಹೋಗಿ ತಡೆದವು. ಮುಂದಿನ ತಗಡಿಗೆ ಇಳಿದು, ಹಳೆಯ ಜಾಗದಲ್ಲಿ ಮೂರು ಗೆರೆ ಎಳೆದವು. ಎಂಜಿನ್ ಹೊತ್ತಿಕೊಂಡಿತು. ಆದರೂ ಆರನೆಯ ನಿಮಿಷ ದಾಟುವವರೆಗೆ ಅವನು ಹ್ಯಾಂಡಲನ್ನು ಕೈಯಿಂದ ಕೆಳಗಿಡಲಿಲ್ಲ.